ಪಿಸ್ಟನ್ ಕೊನೆಗೆ ತಗೋ, ದೋಸ್ತ

ದೋಸ್ತ,

ನಿನ್ನ ಮೆಸೇಜ್ ನೋಡಿದೆ. ನಿನ್ನ ಬುಲೆಟ್ ಬೈಕಿನ ಸ್ಟ್ರೋಕ್ ಹೆಚ್ಚಿಸೋಕೆ ಅಂತ ಒಂದು ಫೋರ್ಜ್ಡ್ (ಎರಕವಲ್ಲ, ಒತ್ತಿ ಬಡಿದು ಮಾಡಿದ) ಪಿಸ್ಟನ್ ನೋಡಿಟ್ಟಿದ್ದೀಯ, ರೇಟೂ ಕುದುರಿದೆ, ಆರ್ಡರ್ ಹಾಕಲಾ ಅಂತ ಕೇಳಿದ್ದೀಯ. ಬೇಡ. ಇನ್ನೂ ಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಹ್ಞೂಂ ಅಂದುಬಿಡ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬುಲೆಟ್ ಹುಚ್ಚಿನ ಬೇರೆ ಹುಡುಗರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ.

ನಿನ್ನದು ಹಳೇ ಕಾಸ್ಟ್ ಐರನ್ ಬುಲೆಟ್ 500. ಬೋರ್ (ಸಿಲಿಂಡರಿನ ಅಗಲ) 84 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 90, ಅಲ್ಲಿಗೆ 499 ಸಿಸಿ. ನೀನು ಬೋರ್ ಮುಟ್ಟದೆ, ಕನೆಕ್ಟಿಂಗ್ ರಾಡಿನ ಕೆಳತುದಿ ಕೂರೋ ಕ್ರ್ಯಾಂಕ್ ಪಿನ್ನನ್ನು 4 ಮಿ.ಮೀ. ಹೊರಗೆ ಸರಿಸುತ್ತೀನಿ ಅಂತೀಯ. ಸ್ಟ್ರೋಕ್ 98 ಆಗುತ್ತೆ, ಎಂಜಿನ್ 543 ಸಿಸಿ. ಕೇಳೋಕೆ ಬರೀ 44 ಸಿಸಿ. ಆದರೆ ಕೆಳಗಿನ ಆರ್‌ಪಿಎಂನಲ್ಲಿ ಬರೋ ಎಳೆತಕ್ಕೇ ತಾನೇ ನಾವು ಬುಲೆಟ್ ಇಟ್ಟುಕೊಂಡಿರೋದು? ಆಸೆ ಸರಿಯಾಗೇ ಇದೆ.

ಈಗ ಲೆಕ್ಕ ನೋಡು. ಕ್ರ್ಯಾಂಕ್ ಪಿನ್ 4 ಸರಿದರೆ ಪಿಸ್ಟನ್ ಮೇಲಕ್ಕೆ 4 ಜಾಸ್ತಿ ಏರುತ್ತೆ, ಕೆಳಕ್ಕೆ 4 ಜಾಸ್ತಿ ಇಳಿಯುತ್ತೆ. ಮೇಲಿನ ಆ 4 ಮಿ.ಮೀ. ಎಲ್ಲಾದರೂ ಕಳೆಯಲೇಬೇಕು, ಇಲ್ಲಾಂದ್ರೆ ಪಿಸ್ಟನ್ ಹೋಗಿ ಸಿಲಿಂಡರ್ ಹೆಡ್ಡಿಗೆ ಬಡಿಯುತ್ತೆ. ಗಿಡ್ಡ ರಾಡ್ ಹಾಕಬಹುದು. ಆಗ ರಾಡ್ ಹೆಚ್ಚು ಓರೆಯಾಗಿ ನಿಂತು ಪಿಸ್ಟನ್ನನ್ನು ಬ್ಯಾರಲ್ (ಸಿಲಿಂಡರ್) ಗೋಡೆಗೆ ಒತ್ತುತ್ತೆ, ಕೆಳಗೆ ಫ್ಲೈವೀಲಿಗೂ ಪಿಸ್ಟನ್ನಿನ ಕೆಳಭಾಗವಾದ ಸ್ಕರ್ಟಿಗೂ ಇರುವ ಜಾಗ 8 ಮಿ.ಮೀ. ಕಡಿಮೆಯಾಗುತ್ತೆ. ನನಗದು ಇಷ್ಟವಿಲ್ಲ. ಬ್ಯಾರಲ್ ಕೆಳಗೆ 4 ಮಿ.ಮೀ. ಪ್ಲೇಟ್ ಹಾಕಬಹುದು, ತುಂಬಾ ಜನ ಹಾಗೇ ಮಾಡ್ತಾರೆ. ಅದಕ್ಕೆ ವಾಲ್ವ್ ತೆರೆಸೋ ಪುಶ್ ರಾಡೂ ಉದ್ದ ಆಗಬೇಕು, ಸೈಲೆನ್ಸರ್ ಬೆಂಡೂ ಸರಿಯಾಗಿ ಕೂರಲ್ಲ. ಮೇಲಾಗಿ ಬ್ಯಾರಲ್ 4 ಮೇಲೆ ಹೋಯ್ತು, ಪಿಸ್ಟನ್ 4 ಕೆಳಗೆ ಬಂತು, ಅಂದರೆ ಸ್ಕರ್ಟ್ ಬ್ಯಾರಲ್ಲಿನಿಂದ 8 ಮಿ.ಮೀ. ಜಾಸ್ತಿ ಹೊರಗೆ ನೇತಾಡುತ್ತೆ. ಉಳಿದದ್ದು ಪಿಸ್ಟನ್ನನ್ನು ರಾಡಿಗೆ ಸೇರಿಸೋ ಪಿನ್ನಿನ ತೂತೇ 4 ಮಿ.ಮೀ. ಮೇಲೆ ಇರೋದು. ನನ್ನ ಓಟು ಇದಕ್ಕೆ.

ಪಿನ್ ತೂತಿನ ನಡುವಿನಿಂದ ತಲೆಯವರೆಗಿನ ಈ ಅಳತೆಗೆ ಕಂಪ್ರೆಷನ್ ಹೈಟ್ ಅಂತಾರೆ. ಕ್ಯಾಟಲಾಗಿನಲ್ಲಿ ಬೋರ್ ಸೈಜ್ ನೋಡೋಕೆ ಮೊದಲು ಇದನ್ನು ನೋಡಬೇಕು. ಕ್ರ್ಯಾಂಕಿನ ನಡುವಿನಿಂದ ಬ್ಯಾರಲ್ಲಿನ ಮೇಲ್ಮೈವರೆಗೆ ಅಳೆ. ಅದರಲ್ಲಿ ಅರ್ಧ ಸ್ಟ್ರೋಕ್ 49 ಕಳೆ, ರಾಡ್ ಉದ್ದ ಕಳೆ, ಮೇಲೆ ಬಿಡಬೇಕಾದ ಗ್ಯಾಪ್ ಕಳೆ. ಉಳಿದದ್ದೇ ನಿನಗೆ ಬೇಕಾದ ಕಂಪ್ರೆಷನ್ ಹೈಟ್. ಆದರೆ ನಿನ್ನ ರಾಡ್ ಇನ್ನೂ ಗೊತ್ತಾಗಿಲ್ಲವಲ್ಲ! ಕಂಪನಿಯಿಂದ ಬಂದ ಅಲ್ಯುಮಿನಿಯಂ ರಾಡು, ಅದರ ಕೆಳತುದಿಯ ಫ್ಲೋಟಿಂಗ್ ಬುಷ್ ಇಟ್ಟುಕೊಂಡು ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸಿದ ಎಂಜಿನ್) ಓಡಿಸ್ತೀನಿ ಅಂದರೆ ನಾನು ಜೊತೆಗೆ ಬರಲ್ಲ. ರೋಲರ್ ಬೇರಿಂಗ್ ಇರೋ ಸ್ಟೀಲ್ ರಾಡ್ ಹಾಕಲೇಬೇಕು, ಅದರ ಉದ್ದ, ಪಿಸ್ಟನ್ ಪಿನ್ ಸೈಜ್ ಎರಡೂ ಬೇರೆ ಇರಬಹುದು. ಮೊದಲು ಕ್ರ್ಯಾಂಕ್ ಕೆಲಸ ಮುಗೀಲಿ, ರಾಡ್ ಕೈಗೆ ಬರಲಿ. ಪಿಸ್ಟನ್ ಕೊನೆಗೆ.

ಪಿಸ್ಟನ್ ಪಿನ್ ಮೇಲೆ ಹೋದಷ್ಟೂ ಆಯಿಲ್ ರಿಂಗ್ ಕೂರೋ ಗ್ರೂವ್ (ಸುತ್ತಲಿನ ಗೀರು) ಹತ್ತಿರ ಬರುತ್ತೆ. ತೂತು ಗ್ರೂವಿಗೆ ಸೇರಿಬಿಟ್ಟರೆ ರಿಂಗಿಗೆ ಆಧಾರವಾಗಿ ಕೆಳಗೆ ಸಪೋರ್ಟ್ ರೈಲ್ ಅನ್ನೋ ತೆಳು ಬಳೆ ಹಾಕಬೇಕು. ಆದಷ್ಟು ಅಲ್ಲಿಗೆ ಹೋಗದಿರೋದೇ ಒಳ್ಳೇದು.

ಮೆಟೀರಿಯಲ್ ವಿಷಯ. ಮಾಮೂಲಿ ಎರಕದ ಪಿಸ್ಟನ್ ಕಡಿಮೆ ಹಿಗ್ಗುತ್ತೆ, ಸದ್ದು ಮಾಡಲ್ಲ, ಆದರೆ ನಾಕಿಂಗ್ (ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಬಂದರೆ ಬಿರಿಯುತ್ತೆ. ಫೋರ್ಜ್ಡ್‌ನಲ್ಲಿ ಎರಡು ಅಲಾಯ್ ಕೇಳ್ತೀಯ: 4032, 2618. ಮೊದಲನೆಯದರಲ್ಲಿ ಸಿಲಿಕಾನ್ ಸುಮಾರು 12 ಪರ್ಸೆಂಟ್ ಇರುತ್ತೆ, ಅದಕ್ಕೇ ಹಿಗ್ಗೋದು ಕಡಿಮೆ, ಸವೆಯೋದೂ ಕಡಿಮೆ. 2618ರಲ್ಲಿ ಸಿಲಿಕಾನ್ ಇಲ್ಲ ಅನ್ನುವಷ್ಟು ಕಡಿಮೆ. ಪೆಟ್ಟು ತಡೆಯುತ್ತೆ, ಆದರೆ ಜಾಸ್ತಿ ಹಿಗ್ಗುತ್ತೆ. ಹಾಗಾಗಿ ಬೋರ್ ಸಡಿಲ ಬಿಡಬೇಕು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಅನ್ನುತ್ತೆ. ಅದು ರೇಸಿನವರಿಗೆ, ಟರ್ಬೊದವರಿಗೆ. ನೀನು ವಿಜಯಪುರದಿಂದ ಇಲ್ಲಿಗೆ, ಬೆಳಗಾವಿಗೆ ಬರುವಾಗ ಲೋಕಾಪುರದಲ್ಲಿ ಚಾಕ್ಕೆ ನಿಲ್ಲೋನು. 4032 ಸಾಕು.

ನಿಮ್ಮೂರ ಬಿಸಿಲನ್ನು ಮಾತ್ರ ಮರೀಬೇಡ. 84 ಮಿ.ಮೀ. ಪಿಸ್ಟನ್ 100 ಡಿಗ್ರಿ ಬಿಸಿಯಾದರೆ 0.16 ಮಿ.ಮೀ. ಹಿಗ್ಗುತ್ತೆ, ಐರನ್ ಬ್ಯಾರಲ್ ಹಿಗ್ಗೋದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಏಪ್ರಿಲ್‌ನಲ್ಲಿ ಗೋಳಗುಮ್ಮಟದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಗಾಳಿಯೂ ಇಲ್ಲ. ಪಿಸ್ಟನ್ ಜೊತೆ ಬರುವ ಕಾರ್ಡಿನಲ್ಲಿ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು) ಇಷ್ಟರಿಂದ ಇಷ್ಟು ಅಂತ ಇದ್ದರೆ, ಜಾಸ್ತಿ ಇರೋ ಅಂಕಿಗೆ ಬೋರ್ ಮಾಡಿಸು. ಅದೂ ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನೇ ಮೈಕ್ರೊಮೀಟರಿನಲ್ಲಿ ಅಳೆದು. ಎಲ್ಲಿ ಅಳೆಯಬೇಕು ಅಂತ ಕಾರ್ಡಿನಲ್ಲೇ ಇರುತ್ತೆ. ಸ್ಕರ್ಟ್ ದುಂಡಗಿರಲ್ಲ, ಬೇಕಂತಲೇ ಮೊಟ್ಟೆಯಂತೆ ಮಾಡಿರ್ತಾರೆ. ತಪ್ಪು ಜಾಗದಲ್ಲಿ ಅಳೆದರೆ ಬೋರೂ ತಪ್ಪುತ್ತೆ. ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 0.33 ಮಿ.ಮೀ.ಗಿಂತ ಕಡಿಮೆ ಇರಬಾರದು.

ಕಂಪ್ರೆಷನ್ (ಗಾಳಿ-ಪೆಟ್ರೋಲನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ) ತೀರಾ ಏರಿಬಿಡುತ್ತೆ ಅಂತ ನೀನು ಹೆದರಿದ್ದು ಸುಮ್ನೆ. ಹಳೇ 500ರಲ್ಲಿ 6.5 ಇತ್ತು. ಹೆಡ್ಡಿನಲ್ಲಿ ಉಳಿಯೋ ಜಾಗ ಅಷ್ಟೇ ಇಟ್ಟು ಸ್ಟ್ರೋಕ್ 98 ಮಾಡಿದರೆ ಅದು 7 ಆಗುತ್ತೆ. ನಮ್ಮ ಪೆಟ್ರೋಲಿಗೆ 8 ಆದರೂ ನಡೆಯುತ್ತೆ. 8 ಬೇಕಂದರೆ ಆ ಜಾಗ 91 ಸಿಸಿಯಿಂದ 78ಕ್ಕೆ ಇಳಿಯಬೇಕು, ಅಂದರೆ ಪಿಸ್ಟನ್ ತಲೆ ಸ್ವಲ್ಪ ಉಬ್ಬಿರಬೇಕು. ಉಬ್ಬಿದ ತಲೆ ಕೊಂಡರೆ, ವಾಲ್ವ್ ತಾಗದಂತೆ ತಲೆಯಲ್ಲಿ ಗುಳಿ (ವಾಲ್ವ್ ಪಾಕೆಟ್) ಕೊರೆಯೋಕೂ ಮೆಟೀರಿಯಲ್ ಸಿಗುತ್ತೆ.

ಕೊರೆಯೋದು ಅಂದೆನಲ್ಲ, ಅದಕ್ಕೆ ಬರ್ತೀನಿ. ನಮ್ಮ ಬೆಳಗಾವಿಯ ಇಂಡಸ್ಟ್ರಿಯಲ್ ಏರಿಯಾ ಉದ್ಯಮಬಾಗದಲ್ಲಿ ಲೇಥಿಗೇನೂ ಬರ ಇಲ್ಲ, ಗಲ್ಲಿಗೊಂದು ಶಾಪ್ ಇದೆ. ಆದರೆ ಇಲ್ಲಿನವರ ಕೈ ಪಳಗಿರೋದು ಐರನ್ ಕಾಸ್ಟಿಂಗಿನಲ್ಲಿ. ಅದೇ ಜೋರಿನಲ್ಲಿ ಪಿಸ್ಟನ್ ಹಿಡಿದು ಚಕ್ಕಿನ (ಲೇಥಿನ ಹಿಡಿಕೆಯ) ದವಡೆಯಲ್ಲಿ ಬಿಗಿದರೆ ಸ್ಕರ್ಟಿನ ಆಕಾರವೇ ಹೋಯ್ತು. ನಮ್ಮ ಶಾಪಿನ ಹಿರಿಯ ಟರ್ನರ್ ಹೇಗೆ ಮಾಡ್ತಾರೆ ಹೇಳ್ತೀನಿ. ಮೊದಲು ಒಂದು ಫಿಕ್ಸ್ಚರ್ ತಿರುವಿಕೊಳ್ತಾರೆ, ಸ್ಕರ್ಟಿನ ಬಾಯಿ ಅದರ ಮೇಲೆ ಬಿಗಿಯಾಗಿ ಕೂರುವಂತೆ. ಪಿನ್ ತೂತಿಗೆ ಹಳೇ ಪಿನ್ ಹಾಕಿ, ಅದಕ್ಕೆ ಬೋಲ್ಟ್ ಸಿಕ್ಕಿಸಿ ಹಿಂದಿನಿಂದ ಎಳೆದು ಕೂರಿಸ್ತಾರೆ. ಸ್ಕರ್ಟಿಗೆ ದವಡೆ ತಾಗೋದೇ ಇಲ್ಲ. ಡಯಲ್ ಗೇಜ್ ಹಚ್ಚಿ, ಓಲಾಡುತ್ತಾ ಅಂತ ತಿರುಗಿಸಿ ನೋಡಿ, ಆಮೇಲೆ ಹರಿತವಾದ ಟೂಲಿನಲ್ಲಿ ಒಂದು ಸಲಕ್ಕೆ 0.2 ಮಿ.ಮೀ. ಮಾತ್ರ. ಅಲ್ಯುಮಿನಿಯಂ ಟೂಲಿಗೆ ಅಂಟಬಾರದು ಅಂತ ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚುತ್ತಾ ಇರ್ತಾರೆ. ಕೊರೆಯೋಕೆ ಮೊದಲೇ ಪಿಸ್ಟನ್ ಮಗುಚಿ, ಒಳಗೆ ಡೆಪ್ತ್ ಗೇಜ್ ಇಳಿಸಿ ತಲೆಯ ದಪ್ಪ ಅಳೆದಿಟ್ಟಿರ್ತಾರೆ. ವಾಲ್ವ್ ಪಾಕೆಟ್ ಆದಮೇಲೂ ತೀರಾ ತೆಳ್ಳಗಿರೋ ಜಾಗದಲ್ಲಿ 5 ಮಿ.ಮೀ. ಉಳಿಯಬೇಕು. ಉಳಿಯಲ್ಲ ಅಂದರೆ ಆ ಜಾಬ್ ಅವರು ಮುಟ್ಟಲ್ಲ, ಎಷ್ಟು ಕೊಟ್ಟರೂ.

ಪಾಕೆಟ್ ಎಷ್ಟು ಆಳ ಬೇಕು ಅಂತ ಮಕ್ಕಳ ಕ್ಲೇ ಹೇಳುತ್ತೆ. ಪಿಸ್ಟನ್ ತಲೆ ಮೇಲೆ ಅದನ್ನು ಒತ್ತು, ವಾಲ್ವಿಗೆ ಎಣ್ಣೆ ಸವರು, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿ, ಟ್ಯಾಪೆಟ್ ಹೊಂದಿಸು, ಕೈಯಿಂದ ಮೆಲ್ಲಗೆ ಎರಡು ಸುತ್ತು ತಿರುಗಿಸು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸು. ಹೆಡ್ ತೆಗೆದು, ವಾಲ್ವ್ ಒತ್ತಿದ ಜಾಗದಲ್ಲಿ ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆ. ಇನ್‌ಲೆಟ್ ಕಡೆ 2 ಮಿ.ಮೀ., ಎಗ್ಸಾಸ್ಟ್ ಕಡೆ 2.5 ಇರಲಿ. ಎಗ್ಸಾಸ್ಟ್ ವಾಲ್ವ್ ಬಿಸಿಗೆ ಉದ್ದ ಆಗುತ್ತೆ, ಮೇಲಾಗಿ ಅದು ಮುಚ್ಚುವಾಗ ಪಿಸ್ಟನ್ ಹಿಂದಿನಿಂದಲೇ ಅಟ್ಟಿಸಿಕೊಂಡು ಬರ್ತಿರುತ್ತೆ. ಪಾಕೆಟ್ ಅಂಚಿನ ಚೂಪು ಪೂರ್ತಿ ಹೋಗಬೇಕು, ಇಲ್ಲಾಂದ್ರೆ ಆ ಅಂಚೇ ಕಾದು ಕೆಂಪಾಗಿ ಸ್ಪಾರ್ಕಿಗೂ ಮೊದಲು ಬೆಂಕಿ ಹಚ್ಚುತ್ತೆ.

ತೂಕವನ್ನೂ ನೋಡು. 5500 ಆರ್‌ಪಿಎಂನಲ್ಲಿ 400 ಗ್ರಾಂ ಪಿಸ್ಟನ್ ಮೇಲಿನ ತುದಿಯಲ್ಲಿ ರಾಡನ್ನು ಸುಮಾರು 800 ಕಿಲೋ ಭಾರದಷ್ಟು ಜೋರಿನಲ್ಲಿ ಎಳೆಯುತ್ತೆ. ಅದಕ್ಕೇ ಗಿಡ್ಡ, ಹಗುರ ಪಿಸ್ಟನ್ ಅಂದರೆ ನನಗೆ ಆಸೆ. ಫ್ಲೈವೀಲ್ ಬ್ಯಾಲೆನ್ಸ್ ಮಾಡಿಸೋದು ಪಿಸ್ಟನ್, ಪಿನ್, ರಿಂಗ್ ಎಲ್ಲ ತೂಗಿದ ಮೇಲೆಯೇ. ಆರ್‌ಸಿಯಲ್ಲಿ 499 ಅಂತಿದೆ, ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಕೆಲಸ ಶುರು ಮಾಡೋಕೆ ಮೊದಲೇ ಕೇಳು.

ಬರುವಾಗ ಕ್ರ್ಯಾಂಕ್ ಕೇಸ್, ಬ್ಯಾರಲ್, ಹೆಡ್, ಹಳೇ ಪಿಸ್ಟನ್ ನಾಲ್ಕೂ ತಾ. ಹಳೇ ಪಿನ್ ಬಿಸಾಡಬೇಡ, ಫಿಕ್ಸ್ಚರಿಗೆ ಬೇಕು. ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ತಾ, ಹೋದ ಸಲದ ಹಾಗೆ ಎಣ್ಣೆ ಸೋರೋ ಗೋಣಿಚೀಲದಲ್ಲಿ ತಂದರೆ ಮನೆಯೊಳಗೆ ಬಿಡಲ್ಲ ಅಂತ ಅವ್ವ ಹೇಳಿದ್ದಾಳೆ.

ಇಂತಿ ನಿನ್ನ ದೋಸ್ತ,
ಬೆಳಗಾವಿ