ದೀಪ ಮಿನುಗುತ್ತಿದೆ ಎಂದು ಜರ್ಮನ್‌ನಲ್ಲಿ ಹೇಳುವುದು

ಚಿರಂಜೀವಿ ಸುಹಾಸನಿಗೆ ಸೋದರಮಾವನ ಆಶೀರ್ವಾದಗಳು.

ಡ್ರೆಸ್ಡೆನ್‌ನ ಹೊಸ ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟಿದೆಯೆಂದೂ, ನಿನ್ನ ಜರ್ಮನ್ ಸಾಲದೆಂಬ ಸಂಕೋಚದಿಂದ ಸಹಾಯವಾಣಿಗೆ ಕರೆ ಮಾಡದೆ ಕುಳಿತಿರುವೆಯೆಂದೂ ನಿನ್ನ ಅಮ್ಮ ತಿಳಿಸಿದಳು. ಈ ಕೆಲಸಕ್ಕೆ ಇಡೀ ಭಾಷೆ ಬೇಕಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳುವ ನಾಲ್ಕಾರು ವಾಕ್ಯಗಳು ಬಾಯಿಗೆ ಬಂದರೆ ಸಾಕು.

‘ದಾಸ್ ಇಂಟರ್ನೆಟ್ ಗೇಟ್ ನಿಶ್ಟ್’, ಅಂದರೆ ಇಂಟರ್ನೆಟ್ ಬರುತ್ತಿಲ್ಲ ಎಂಬುದನ್ನು ಎಲ್ಲರೂ ಮೊದಲು ಕಲಿಯುತ್ತಾರೆ, ಆದರೆ ಅದರಿಂದ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ‘ದೀ ಡೇ-ಎಸ್-ಎಲ್ ಲಾಂಪೆ ಬ್ಲಿಂಕ್ಟ್ ಝೈಟ್ ಹೊಯ್ಟೆ ಮೊರ್ಗೆನ್’ (ಬೆಳಗಿನಿಂದ ರೂಟರಿನ ಡಿಎಸ್‌ಎಲ್ ದೀಪ, ಅಂದರೆ ದೂರವಾಣಿ ತಂತಿಯ ಇಂಟರ್ನೆಟ್ ಸಂಪರ್ಕ ತೋರಿಸುವ ದೀಪ, ಮಿನುಗುತ್ತಿದೆ) ಎಂದರೆ, ತೊಂದರೆ ಮನೆಗೆ ಬರುವ ತಂತಿಯ ಕಡೆಗಿರಬಹುದೆಂದು ಅವರು ಕೂಡಲೇ ಊಹಿಸುತ್ತಾರೆ. ‘ಇಶ್ ಹಾಬೆ ಡೆನ್ ರೂಟರ್ ಶೋನ್ ನೊಯ್ ಗೆಶ್ಟಾರ್ಟೆಟ್’ ಎಂದು, ರೂಟರನ್ನು ಆಗಲೇ ಆರಿಸಿ ಹಚ್ಚಿದ್ದನ್ನು ನೀನೇ ಮೊದಲು ಹೇಳಿಬಿಡು, ಅದನ್ನು ಅವರು ಕೇಳದೆ ಬಿಡುವವರಲ್ಲ. ವೈಫೈಯನ್ನು ಅಲ್ಲಿ ‘ವೇಲಾನ್’ ಎನ್ನುತ್ತಾರಾದ್ದರಿಂದ, ಕೇಬಲ್ ಸಿಕ್ಕಿಸಿಯೂ ನೋಡಿದ್ದರೆ ‘ಔಖ್ ಮಿಟ್ ಕಾಬೆಲ್, ನಿಶ್ಟ್ ನೂರ್ ಇಮ್ ವೇಲಾನ್’ (ವೈಫೈಯಲ್ಲಿ ಮಾತ್ರವಲ್ಲ, ಕೇಬಲ್‌ನಲ್ಲೂ ಹೀಗೇ) ಎಂದು ಸೇರಿಸು.

ನಿಜವಾಗಿ ಕಷ್ಟವಾಗುವುದು ಗ್ರಾಹಕ ಸಂಖ್ಯೆ ಮತ್ತು ಹೆಸರು ಹೇಳುವಾಗ. ಜರ್ಮನರು ನಲವತ್ತೇಳನ್ನು ಏಳು-ಮತ್ತು-ನಲವತ್ತು ಎಂಬ ಕ್ರಮದಲ್ಲಿ ಹೇಳುವುದರಿಂದ, ಜೋಡಿ ಅಂಕಿಗಳನ್ನು ಕೇಳಿ ಬರೆದುಕೊಳ್ಳುವವನು 74 ಎಂದು ಬರೆಯುವುದು ಸಹಜ. ಆಗ ‘ಐನ್‌ತ್ಸೆಲ್ನ್, ಬಿಟ್ಟೆ’ ಎಂದು ಒಂದೊಂದೇ ಅಂಕಿಯನ್ನು ಕೇಳು. ಎರಡಕ್ಕೆ ‘ತ್ಸ್ವೈ’ ಬದಲು ‘ತ್ಸ್ವೋ’ ಎಂದು ಕೇಳಿಸಿದರೆ ಗಾಬರಿಯಾಗಬೇಡ. ಮೂರರ ‘ದ್ರೈ’ಯೊಡನೆ ಗೊಂದಲವಾಗದಿರಲೆಂದು ಫೋನಿನಲ್ಲಿ ಹಾಗೆ ಹೇಳುವ ರೂಢಿಯಿದೆ. ನಮ್ಮ ಭಟ್ ಎಂಬುದನ್ನು ‘ಬೇ, ಹಾ, ಆ, ಟೇ’ ಎಂದೇ ಬಿಡಿಸಿ ಹೇಳಬೇಕು. ಇಂಗ್ಲಿಷಿನ ಅಭ್ಯಾಸದಿಂದ ‘ಎ’ ಎಂದೆಯೋ, ಅವರು ಇಂಗ್ಲಿಷಿನ ಇ (E) ಅಕ್ಷರ ಬರೆದುಕೊಳ್ಳುತ್ತಾರೆ, ನೀನು ಕಾಯುವ ಮಿಂಚಂಚೆ ಇನ್ನಾರಿಗೋ ಹೋಗುತ್ತದೆ.

ದೂರು ದಾಖಲಾದ ದಿನ, ಗಂಟೆ ಮತ್ತು ‘ಟಿಕೆಟ್‌ನುಮ್ಮರ್’ (ದೂರಿನ ಸಂಖ್ಯೆ) ಬರೆದಿಡು. 2021ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಕಾನೂನಿನ ಪ್ರಕಾರ, ನಿನ್ನ ತಪ್ಪಿಲ್ಲದೆ ಸಂಪರ್ಕ ಪೂರ್ತಿ ನಿಂತು, ದೂರು ತಲುಪಿದ ಎರಡು ದಿನಗಳೊಳಗೆ ಸರಿಯಾಗದಿದ್ದರೆ, ಮೂರನೆಯ ಮತ್ತು ನಾಲ್ಕನೆಯ ದಿನಕ್ಕೆ ತಲಾ 5 ಯೂರೋ ಅಥವಾ ತಿಂಗಳ ಶುಲ್ಕದ ಶೇ. 10, ಐದನೆಯ ದಿನದಿಂದ ದಿನಕ್ಕೆ 10 ಯೂರೋ ಅಥವಾ ಶೇ. 20, ಇವುಗಳಲ್ಲಿ ಹೆಚ್ಚಿನದನ್ನು ನೀನು ಕೇಳಬಹುದು. ಒಪ್ಪಿಕೊಂಡ ದಿನ ತಂತ್ರಜ್ಞ ಬಾರದಿದ್ದರೂ ಪರಿಹಾರವುಂಟು. ಮೊತ್ತ ಸಣ್ಣದೇ, ಆದರೂ ಹಕ್ಕು ತಿಳಿದವನ ಮಾತಿನ ಧಾಟಿಯೇ ಬೇರೆ.

‘ವಾನ್ ಕೊಮ್ಟ್ ಡೆರ್ ಟೆಶ್ನಿಕರ್’ (ತಂತ್ರಜ್ಞ ಯಾವಾಗ ಬರುತ್ತಾನೆ) ಎಂದು ಕೇಳಿದರೆ ಎಂಟರಿಂದ ಹನ್ನೆರಡರ ನಡುವೆ ಎಂಬಂಥ ಉತ್ತರ ಬರುತ್ತದೆ. ಅಷ್ಟು ಹೊತ್ತೂ ಮನೆಯಲ್ಲಿರು. ಬೀದಿ ಬಾಗಿಲಿನ ಕರೆಗಂಟೆಯ ಮೇಲೆ ನಿನ್ನ ಹೆಸರಿಲ್ಲದಿದ್ದರೆ ಅವನು ಹಿಂದಿರುಗಿ ಹೋಗಬಹುದು, ಹಾಗಾಗಿ ಚೀಟಿಯನ್ನು ಇಂದೇ ಅಂಟಿಸು. ಕಟ್ಟಡಕ್ಕೆ ಬರುವ ತಂತಿಯ ಪೆಟ್ಟಿಗೆ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿರುವುದರಿಂದ, ಅಲ್ಲಿನ ಬೀಗದ ಕೈಗಾಗಿ ಕಟ್ಟಡ ನೋಡಿಕೊಳ್ಳುವ ‘ಹೌಸ್‌ಮೈಸ್ಟರ್’ಗೆ ಹಿಂದಿನ ದಿನವೇ ಹೇಳಿಡು.

ಇಂತು,
ನಿನ್ನ ಸೋದರಮಾವ