ಲಕ್ವ ಹೊಡೆದಿದ್ದು ಎಷ್ಟು ಹೊತ್ತಿಗೆ?

ಸಂಪಾದಕರೇ,

ಮಿದುಳಿಗೆ ಹೋಗುವ ರಕ್ತ ನಿಂತು ಲಕ್ವ (ಸ್ಟ್ರೋಕ್) ಹೊಡೆದಾಗ ಮಿದುಳನ್ನು ಕಾಪಾಡುವ ಜೀನ್ ಚಿಕಿತ್ಸೆ ಬಗ್ಗೆ ನೀವು ಹಾಕಿದ್ದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಮದ್ದು ಇನ್ನೇನು ಮೆಡಿಕಲ್ ಶಾಪಿಗೆ ಬಂದೇಬಿಟ್ಟಿತು ಅನ್ನೋ ಹಾಗಿತ್ತು. ಪಕ್ಕದ ಮನೆಯವರು ಆಗಲೇ "ಎಷ್ಟಾಗುತ್ತಂತೆ?" ಅಂತ ಕೇಳಿದರು.

ಈ ಜೀನ್ ಚಿಕಿತ್ಸೆ ಹೊಸದೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಸಪೋಲ್ಸ್ಕಿ ಅನ್ನೋ ವಿಜ್ಞಾನಿ ಮತ್ತು ಜೊತೆಯವರು 1990ರ ದಶಕದಲ್ಲೇ ಇಲಿಗಳ ಮೇಲೆ ಮಾಡಿ ನೋಡಿದ್ದು. ತುಟಿ ಮೇಲೆ ಗುಳ್ಳೆ ಎಬ್ಬಿಸುತ್ತಲ್ಲ, ಆ ಹರ್ಪಿಸ್ ವೈರಸ್ಸಿನ ರೋಗ ತರುವ ಹಲ್ಲು ಕಿತ್ತು, ಅದರೊಳಗೆ ಬಿಸಿಎಲ್-2 ಅನ್ನೋ ಜೀನ್ ಇಟ್ಟು, ನೇರ ಮಿದುಳಿಗೇ ಸೂಜಿಯಲ್ಲಿ ಬಿಟ್ಟರು. ರಕ್ತ ನಿಂತಾಗ ನರಕೋಶ ಸಾಯದಂತೆ ತಡೆಯುವ ಜೀನ್ ಅದು. ಲಕ್ವ ಶುರುವಾಗಿ ಒಂದೂವರೆ ಗಂಟೆಗೆ ಕೊಟ್ಟರೆ ಕೋಶಗಳು ಉಳಿದವು, ಐದು ಗಂಟೆ ಆದಮೇಲೆ ಕೊಟ್ಟರೆ ಏನೂ ಪ್ರಯೋಜನ ಆಗಲಿಲ್ಲ. ಇಲಿಗೆ ಎಷ್ಟು ಹೊತ್ತಿಗೆ ಹೊಡೆಯಿತು ಅಂತ ಅವರಿಗೆ ನಿಮಿಷದ ಲೆಕ್ಕ ಗೊತ್ತಿತ್ತು, ರಕ್ತ ನಿಲ್ಲಿಸಿದವರೇ ಅವರಲ್ವಾ!

ನಮ್ಮ ಮನೆ ಕಥೆ ಕೇಳಿ. ಬೆಳಿಗ್ಗೆ ಮಾವನ ಕೈಯಿಂದ ಕಾಫಿ ಲೋಟ ಜಾರಿತು. ತುಟಿ ಓರೆಯಾಗಿತ್ತು, ಮಾತು ತೊದಲುತ್ತಿತ್ತು. ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಿ ಅಂದರು, ಕೊನೆಗೆ ಲಕ್ವಕ್ಕೆ ಎಣ್ಣೆ ಕೊಡೋರ ಹತ್ರ ಕರ್ಕೊಂಡು ಹೋಗಿ ಅಲ್ಲಿ ಸರದಿ ಕಾದು, ದೊಡ್ಡ ಆಸ್ಪತ್ರೆ ಮುಟ್ಟುವಾಗ ಸಂಜೆ ನಾಲ್ಕು. ಡಾಕ್ಟರು ಕೇಳಿದ್ದು ಒಂದೇ: "ಇವರು ಚೆನ್ನಾಗಿದ್ದದ್ದನ್ನು ಕೊನೆಗೆ ಎಷ್ಟು ಹೊತ್ತಿಗೆ ನೋಡಿದಿರಿ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ, ಅದೂ ಸಿ.ಟಿ. ಸ್ಕ್ಯಾನ್ ಮಾಡಿ ತಲೆಯೊಳಗೆ ರಕ್ತಸ್ರಾವ ಇಲ್ಲ ಅಂತ ನೋಡಿಕೊಂಡ ಮೇಲೆ. ನಾವು ಆ ಹೊತ್ತನ್ನೆಲ್ಲ ಎಣ್ಣೆಗೆ ಕಳೆದಿದ್ದೆವು. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಆಮೇಲೆ ಓದಿದೆ, ಲೆಕ್ಕ ಹಾಕೋಕೆ ಮನಸ್ಸಾಗಲಿಲ್ಲ. ಮಾವ ಈಗಲೂ ಅಂಗಿ ಗುಂಡಿ ಎಡಗೈಯಲ್ಲೇ ಹಾಕೋದು.

ಸಂಶೋಧನೆ ಸುಮ್ನೆ ಅಂತ ನಾನು ಹೇಳ್ತಿಲ್ಲ. ಇಲಿಯಲ್ಲಿ ಗೆದ್ದ ಎಷ್ಟೋ ಮದ್ದು ಮನುಷ್ಯರಲ್ಲಿ ಸೋತಿವೆ, ಆದರೂ ನಡೀಲಿ. ಆದರೆ ನಾಳೆ ಆ ಜೀನ್ ಮದ್ದು ಬಂದರೂ ಅದಕ್ಕೂ ಇದೇ ಗಡಿಯಾರ. ಅದಕ್ಕೇ ಒಂದು ಕೋರಿಕೆ. ಇಂಥ ಬರಹದ ಪಕ್ಕ ಒಂದು ಸಣ್ಣ ಚೌಕ ಹಾಕಿ: ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಗಂಟೆ ಬರೆದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಜೊತೆಗೆ ನಮ್ಮ ಜಿಲ್ಲೆಯಲ್ಲಿ ರಾತ್ರಿ ಹೊತ್ತೂ ಸಿ.ಟಿ. ಸ್ಕ್ಯಾನ್ ಮಾಡಿ ಈ ಇಂಜೆಕ್ಷನ್ ಕೊಡೋ ಆಸ್ಪತ್ರೆ ಯಾವ್ಯಾವು ಅಂತ ನಿಮ್ಮ ವರದಿಗಾರರು ಒಮ್ಮೆ ಸುತ್ತಿ ನೋಡಿ ಪಟ್ಟಿ ಹಾಕಲಿ.

— ನಿಮ್ಮ ಓದುಗ