ಸೆನ್ಸರ್ ಬದಲಿಸುವ ಮೊದಲು ವೈರಿಂಗ್ ನೋಡಿ

ಮಾನ್ಯರೇ,

2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್‌6 ನಿಯಮ ಜಾರಿಗೆ ಬಂದ ಮೇಲೆ ಟಿಪ್ಪರ್, ಲಾರಿಗಳಲ್ಲಿ ಸೆನ್ಸರ್‌ಗಳು ಹೆಚ್ಚಿವೆ. ದೋಷ ಹುಡುಕುವ ಕ್ರಮ ಮಾತ್ರ ಅನೇಕ ಗ್ಯಾರೇಜುಗಳಲ್ಲಿ ಬದಲಾಗಿಲ್ಲ. ಜಲ್ಲಿ ಸಾಗಿಸುವ ನನ್ನ ಟಿಪ್ಪರಿನಲ್ಲಿ ಎಚ್ಚರಿಕೆ ದೀಪ ಹೊತ್ತಿ ಪಿಕಪ್ ಕುಸಿದಾಗ, ಗ್ಯಾರೇಜಿನವರು ಸ್ಕ್ಯಾನರ್ ತೋರಿಸಿದ ದೋಷದ ಕೋಡನ್ನೇ ನಂಬಿ ರೈಲ್ ಪ್ರೆಷರ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಡೀಸೆಲ್‌ನ ಒತ್ತಡ ಅಳೆಯುವ ಭಾಗ) ಬದಲಿಸಿಕೊಟ್ಟರು. ಮೂರನೇ ದಿನ, ಲೋಡ್ ಹೊತ್ತು ಕ್ವಾರಿ ರಸ್ತೆಯಲ್ಲಿ ಕುಲುಕುವಾಗ, ದೀಪ ಮತ್ತೆ ಹೊತ್ತಿತು.

ಕೋಡ್ ತಿಳಿಸುವುದು ತೊಂದರೆ ಯಾವ ಸರ್ಕ್ಯೂಟಿನಲ್ಲಿದೆ ಎಂಬುದನ್ನೇ ಹೊರತು ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ಈ ಬಗೆಯ ಸೆನ್ಸರಿಗೆ ಸಾಮಾನ್ಯವಾಗಿ 5 ವೋಲ್ಟ್ ಪೂರೈಕೆ, ಅರ್ತ್ ಮತ್ತು ಸಿಗ್ನಲ್ ಎಂದು ಮೂರು ತಂತಿಗಳಿರುತ್ತವೆ. ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ಮಲ್ಟಿಮೀಟರ್ ಹಿಡಿದುಕೊಂಡೇ ವೈರಿಂಗನ್ನು ಉದ್ದಕ್ಕೂ ಅಲುಗಾಡಿಸಿ ನೋಡಿದಾಗ 5 ವೋಲ್ಟ್ ಒಮ್ಮೆಲೇ ಸೊನ್ನೆಗಿಳಿಯಿತು: ಬ್ರಾಕೆಟ್ಟಿಗೆ ಉಜ್ಜಿ ಇನ್ಸುಲೇಷನ್ ಸವೆದ ತಂತಿ ಚಾಸಿಗೆ ತಾಗುತ್ತಿತ್ತು. (ತೆಗೆದಿಟ್ಟ ಹಳೆಯ ಸೆನ್ಸರನ್ನೇ ಮರಳಿ ಹಾಕಿದೆವು, ಗಾಡಿ ಇಂದಿಗೂ ಓಡುತ್ತಿದೆ.)

ಸೆನ್ಸರ್ ಬದಲಿಸುವ ಗ್ಯಾರೇಜುಗಳು ಬದಲಿಸುವ ಮುನ್ನ ಅಳೆದ ವೋಲ್ಟೇಜನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು; ಐಟಿಐಗಳ ಡೀಸೆಲ್ ಮೆಕ್ಯಾನಿಕ್ ತರಬೇತಿಯಲ್ಲೂ ಸ್ಕ್ಯಾನರಿಗಿಂತ ಮೊದಲು ಮೀಟರ್ ಹಿಡಿಯುವುದನ್ನು ರೂಢಿಸಬೇಕೆಂದು ಕೋರುತ್ತೇನೆ.

– ಟಿಪ್ಪರ್ ಮಾಲೀಕ, ತುಮಕೂರು